ಕುಡಿಯುವ ಪ್ರಾಯಕ್ಕೆ ಎಲುಬಿನ ಸಾಕ್ಷಿ

ಕೋರ್ಟಿನ ಜವಾನ ತಂದುಕೊಟ್ಟ ಆದೇಶವನ್ನು ಓದಿ ಮುಗಿಸಿ, ಕನ್ನಡಕ ತೆಗೆದು ಒರೆಸಿ, ಪುನಃ ಮೊದಲಿನಿಂದ ಓದಿದೆ. ಕನ್ನಡಕದ ತಪ್ಪಾಗಿರಲಿಲ್ಲ. ‘ಇದರೊಂದಿಗೆ ಕಳುಹಿಸಲಾದ ಆಸಾಮಿಗೆ ಇಪ್ಪತ್ತೊಂದು ವರ್ಷ ಪ್ರಾಯ ತುಂಬಿದೆಯೇ ಇಲ್ಲವೇ ಎಂಬುದನ್ನು ಶರೀರ ತಪಾಸಣೆಯಿಂದ ನಿಶ್ಚಯಿಸಿ ಅಭಿಪ್ರಾಯ ಕೊಡತಕ್ಕದ್ದು’ ಎಂದೇ ಅದರಲ್ಲಿತ್ತು.

ಪ್ರಾಯ ಹೇಳುವ ಕೆಲಸ ನನಗೆ ಹೊಸದಲ್ಲ. ಕಡಬದ ಕಡೆಯ ಸರಕಾರಿ ಔಷಧಾಲಯದಲ್ಲಿ ಡಾಕ್ಟರನಾಗಿದ್ದವನು ಹಲ್ಲು ಎಣಿಸಿ ಕಳ್ಳರ ಪ್ರಾಯ ಹೇಳಿದ್ದೆ, ಓಡಿಹೋಗಿ ಮದುವೆಯಾದವರ ಪ್ರಾಯ ಹೇಳಿದ್ದೆ. ಆದರೆ ಒಂದು ಬಾಯಿಗೆ ಕಳ್ಳು ಕುಡಿಯುವ ಅರ್ಹತೆ ಬಂದಿದೆಯೇ ಎಂದು ಘನ ನ್ಯಾಯಾಲಯ ವೈದ್ಯಶಾಸ್ತ್ರವನ್ನು ಕೇಳಿದ್ದು ಅದೇ ಮೊದಲು. ನಾನು ಹಳೆಯ ಕಾಲದವನು. ಬೆಚ್ಚಿಬಿದ್ದೆ ಎಂದರೆ ಹೆಚ್ಚಾಗಲಾರದು.

ಹಿನ್ನೆಲೆ ಇಷ್ಟು. ಅರುವತ್ತರ ದಶಕದ ಕೊನೆಯಲ್ಲಿ ಪಾನನಿಷೇಧ ಹೋಯಿತು. ಅದಕ್ಕೆ ಮೊದಲು ಸುಮಾರು ಎರಡು ದಶಕ ನಮ್ಮ ಜಿಲ್ಲೆಯ ಜನ, ಕಾನೂನಿನ ಪ್ರಕಾರ, ಎಳನೀರು ಮತ್ತು ಬೆಲ್ಲದ ನೀರು ಕುಡಿದೇ ಬದುಕಿದ್ದರು. ನಿಷೇಧ ತೆಗೆದದ್ದೇ ತಡ, ನಮ್ಮ ಪೇಟೆಯ ತುದಿಯಲ್ಲಿ ಮುಳಿ ಹುಲ್ಲಿನ ಮಾಡಿನ ಒಂದು ಗಡಂಗು, ಅಂದರೆ ಕಳ್ಳಿನ ಅಂಗಡಿ, ಎದ್ದಿತು. ಇಪ್ಪತ್ತೊಂದು ತುಂಬದವರಿಗೆ ಕಳ್ಳು ಕೊಡಕೂಡದು ಎಂದು ಬಾಗಿಲಲ್ಲಿ ಬೋರ್ಡೂ ಬಂತು. ಆಗ ಓಟು ಹಾಕುವುದಕ್ಕೂ ಇಪ್ಪತ್ತೊಂದೇ ಆಗಬೇಕಿತ್ತು. ದೇಶವನ್ನು ಯಾರ ಕೈಗೆ ಕೊಡುವುದೆಂದು ತೀರ್ಮಾನಿಸುವ ತಲೆಯೂ, ಒಂದು ಕುಪ್ಪಿ ಕಳ್ಳನ್ನು ತಡೆದುಕೊಳ್ಳುವ ತಲೆಯೂ ಒಂದೇ ದಿನ ಬಲಿಯುತ್ತವೆ ಎಂಬುದು ಸರಕಾರದ ಶಾಸ್ತ್ರವಾಗಿತ್ತು.

ಒಂದು ಸಂಜೆ ಅಬ್ಕಾರಿ ಇನ್ಸ್‌ಪೆಕ್ಟರರು ಗಡಂಗಿಗೆ ಹೊಕ್ಕಾಗ ಮೂಲೆಯಲ್ಲಿ ಒಬ್ಬ ಹುಡುಗ ತೆಂಗಿನ ಗೆರಟೆಯಲ್ಲಿ ಕಳ್ಳು ಕುಡಿಯುತ್ತಿದ್ದ. ಮೀಸೆ ಇನ್ನೂ ಅರ್ಜಿ ಹಾಕುವ ಹಂತದಲ್ಲಿತ್ತು. ಅವನು ಆ ಗಡಂಗಿಗೆ ಬೈನೆ ಮರದಿಂದ ಕಳ್ಳು ಇಳಿಸಿ ತರುವವನೇ. ಆದರೆ ತರುವುದು ಬೇರೆ, ಕುಡಿಯುವುದು ಬೇರೆ. ಇನ್ಸ್‌ಪೆಕ್ಟರರು ಗಡಂಗಿನ ಧಣಿಯ ಮೇಲೆ ಕೇಸು ಹಾಕಿದರು. ಹುಡುಗನಿಗೆ ಇಪ್ಪತ್ತೊಂದು ತುಂಬಿಲ್ಲವೆಂದು ಸಾಬೀತಾದರೆ ಗಡಂಗಿನ ಲೈಸೆನ್ಸು ರದ್ದು.

ಪ್ರಾಯಕ್ಕೆ ಆಧಾರ ಬೇಕಲ್ಲ. ಜನನ ಎಲ್ಲಿಯೂ ದಾಖಲಾಗಿರಲಿಲ್ಲ. ಶಾಲೆಗೂ ಅವನಿಗೂ ಆಗಿಬಂದಿರಲಿಲ್ಲ. ಅವನ ತಾಯಿ ಕೋರ್ಟಿನಲ್ಲಿ ಹೇಳಿದ್ದು ಇಷ್ಟೇ: ಮಗ ಹುಟ್ಟಿದ್ದು ಕಳ್ಳು ನಿಂತ ವರ್ಷ. ನಿಲ್ಲುವ ಮೊದಲೋ ಆಮೇಲೋ ಎಂದು ಕೇಳಿದಾಗ, ತೊಟ್ಟಿಲು ಹಾಕುವ ದಿನ ಬಂದ ನೆಂಟರಿಗೆಲ್ಲ ಕಳ್ಳು ಕೊಟ್ಟದ್ದು ನೆನಪುಂಟು, ಹಾಗಾಗಿ ಮೊದಲೇ ಇರಬೇಕು ಎಂದಳಂತೆ. ಸರಕಾರಿ ವಕೀಲರು, ನಿಷೇಧ ಬಂದ ಮೇಲೂ ಗುಟ್ಟಿನಲ್ಲಿ ಕೊಟ್ಟಿರಬಹುದಲ್ಲ ಎಂದು ಎದ್ದರು. ಆಗ ಊರಿನ ಮೂವರು ಹಿರಿಯರು ಶುಭ್ರವಾದ ಶಾಲು ಹೊದ್ದು ಬಂದು, ನಿಷೇಧ ಬಂದ ದಿನದಿಂದ ಅದು ಹೋದ ದಿನದವರೆಗೆ ನಮ್ಮ ಗ್ರಾಮದಲ್ಲಿ ಒಂದು ತೊಟ್ಟು ಕಳ್ಳು ಯಾರ ಗಂಟಲಿಗೂ ಇಳಿದಿಲ್ಲವೆಂದು ದೇವರ ಮೇಲೆ ಪ್ರಮಾಣ ಮಾಡಿದರು. ಅವರಲ್ಲಿ ಒಬ್ಬರ ಪಿತ್ತಜನಕಾಂಗವನ್ನು ನಾನು ವರ್ಷಗಟ್ಟಲೆ ಕೈಯಲ್ಲಿ ಒತ್ತಿ ನೋಡಿದವನು. ಅದು ಬೇರೆಯೇ ಸಾಕ್ಷಿ ಹೇಳುತ್ತಿತ್ತು. ಮ್ಯಾಜಿಸ್ಟ್ರೇಟರು ಮುಖದಲ್ಲಿ ಏನನ್ನೂ ತೋರಿಸದೆ, ಡಾಕ್ಟರರ ಅಭಿಪ್ರಾಯ ಬರಲಿ ಎಂದರು. ಹಾಗೆ ವಿಷಯ ನನ್ನ ಮೇಜಿಗೆ ಬಂತು.

ಹುಡುಗನಿಗಿಂತ ಮೊದಲು ಬಂದವರು ಗಡಂಗಿನ ಧಣಿ. ದಪ್ಪ ಶರೀರ, ತೆಳು ಸ್ವರ. ಕೈಯಲ್ಲಿ ಸರಕಾರಕ್ಕೆ ಬರೆದ ಒಂದು ಮನವಿ. ಕಳ್ಳು ಕುಡಿಯುವ ಪ್ರಾಯವನ್ನು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಸಬೇಕೆಂದು ಅದರಲ್ಲಿ ಬರೆದಿತ್ತು.

“ಮೊದಲ ಸೈನು ನಿಮ್ಮದು ಬೇಕು ಡಾಕ್ಟ್ರೆ. ಹದಿನೆಂಟಕ್ಕೆ ಮದುವೆ ಆಗ್ತದೆ, ಹೋರಿ ಕಟ್ಟಿ ಗದ್ದೆ ಹೂಡ್ತಾರೆ, ಸೈನ್ಯಕ್ಕೆ ತಕೊಳ್ತಾರೆ. ಒಂದು ಗ್ಲಾಸು ಕಳ್ಳಿಗೆ ಮಾತ್ರ ಪ್ರಾಯ ಸಾಲುದಿಲ್ವಾ? ಇದೆಂತ ನ್ಯಾಯ ಮಾರಾಯ್ರೆ?”

ವಾದದಲ್ಲಿ ಹುರುಳಿಲ್ಲ ಎನ್ನಲು ನನಗೆ ಆಗಲಿಲ್ಲ. ಪೇಟೆಯ ಹೋಟೆಲಿನಲ್ಲಿ ಈ ವಿಷಯ ಆಗಲೇ ಎರಡು ಪಕ್ಷವಾಗಿತ್ತು. ಹದಿನೆಂಟರ ಪಕ್ಷದವರು ಗಡಂಗಿನಲ್ಲಿ ಕೊಡದಿದ್ದರೆ ಹುಡುಗರು ಗುಡ್ಡೆಯಲ್ಲಿ ಕಾಯಿಸಿದ ಸಾರಾಯಿಗೆ ಹೋಗುತ್ತಾರೆ ಎನ್ನುತ್ತಿದ್ದರು. ಇಪ್ಪತ್ತೊಂದರ ಪಕ್ಷದವರು, ಹಾಗಾದರೆ ಹದಿನೈದರವರೂ ಹೋಗುತ್ತಾರೆ, ಅಲ್ಲಿಗೂ ಇಳಿಸುವುದೇ ಎಂದು ಚಾ ತಣಿಸುತ್ತಿದ್ದರು. ನಾನು ಒಳಗೊಳಗೆ ಹದಿನೆಂಟರ ಕಡೆಗೇ ವಾಲಿದ್ದೆ. ಆದರೂ ಕೇಸು ನಡೆಯುವಾಗ ಒಂದು ಕಡೆಯವರ ಕಾಗದಕ್ಕೆ ಸೈನು ಹಾಕುವುದು ಮರ್ಯಾದೆಯಲ್ಲವೆಂದು ಹೇಳಿ ಅವರನ್ನು ಸಾಗಹಾಕಿದೆ. ಮನವಿಯನ್ನು ಮಾತ್ರ ಅವರು ನನ್ನ ಮೇಜಿನ ಮೇಲೆಯೇ ಬಿಟ್ಟುಹೋದರು.

ಮರುದಿನ ಹುಡುಗ ತಾಯಿಯ ಜೊತೆಗೆ ಬಂದ. ತಾಯಿ ಬೀಡಿ ಕಟ್ಟುವವಳು. ಜಗಲಿಯಲ್ಲಿ ಕೂತಾಗಲೂ ಅವಳ ಬೆರಳುಗಳು ಇಲ್ಲದ ಎಲೆಯನ್ನು ಸುರುಳಿ ಸುತ್ತುತ್ತಿದ್ದವು. ಗಂಡ ಹಿಂದೊಮ್ಮೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಮಲಗಿದ್ದ. ಇವನ ಕೆಳಗೆ ಇನ್ನೊಬ್ಬ ಮಗನಿದ್ದ. ಗಡಂಗು ಮುಚ್ಚಿದರೆ ಮನೆಯಲ್ಲಿ ಎರಡನೆಯ ಹೊತ್ತಿನ ಗಂಜಿಗೆ ತೊಂದರೆ ಎಂದು, ದೂರದಂತಲ್ಲ, ಮಳೆ ಬರುತ್ತದೆ ಎಂದು ಹೇಳುವಂತೆ ಹೇಳಿದಳು. “ಸರಿಯಾಗಿ ನೋಡಿ ಡಾಕ್ಟ್ರೆ, ಅವ ನೋಡ್ಲಿಕ್ಕೆ ಸಣ್ಣ. ಪ್ರಾಯ ಉಂಟು” ಎಂದಳು.

ಹುಡುಗನೊಬ್ಬನನ್ನೇ ಒಳಗೆ ಕರೆದೆ. ಎತ್ತರ, ತೂಕ, ಎದೆಯ ಸುತ್ತಳತೆ, ಕಂಕುಳಿನ ರೋಮ, ಸ್ವರ ಎಲ್ಲವನ್ನೂ ಬರೆದುಕೊಂಡೆ. ಟಾರ್ಚು ಬಿಟ್ಟು ಬಾಯಿ ನೋಡಿದೆ. ಬುದ್ಧಿಹಲ್ಲುಗಳಲ್ಲಿ ಮೇಲಿನ ಎರಡು ಬಂದಿದ್ದವು, ಕೆಳಗಿನವು ಇನ್ನೂ ವಸಡಿನೊಳಗೆ ಆಲೋಚನೆ ಮಾಡುತ್ತಿದ್ದವು. ಬುದ್ಧಿಹಲ್ಲು ಹದಿನೇಳಕ್ಕೂ ಬರಬಹುದು, ಇಪ್ಪತ್ತೈದಕ್ಕೂ ಬರಬಹುದು. ನನಗೆ ತಿಳಿದಿರುವ ಒಬ್ಬ ಗೃಹಸ್ಥರಿಗೆ ಮೊಮ್ಮಗ ಹುಟ್ಟಿದ ಮೇಲೂ ಬಂದಿಲ್ಲ. ಹಲ್ಲಿನ ಮೇಲೆ ಮಾತ್ರ ಆಧಾರಪಟ್ಟರೆ ಹತ್ತೊಂಬತ್ತರಿಂದ ಇಪ್ಪತ್ತೆರಡರ ಒಳಗೆ ಎಂದು ಬರೆಯಬೇಕು. ಕಾನೂನಿನ ಗೆರೆ ಸರಿಯಾಗಿ ಅದರ ನಡುವೆ ಬೀಳುತ್ತಿತ್ತು. ಇಂಥ ಸಂದರ್ಭದಲ್ಲಿ ಸಂಶಯದ ಲಾಭ ಆರೋಪಿಗೆ, ಅಂದರೆ ಗಡಂಗಿನ ಧಣಿಗೆ. ಹಾಗೆಯೇ ಬರೆದು ಕೈತೊಳೆದುಕೊಳ್ಳುವ ಎಂದು ಪೆನ್ನು ತೆರೆದಿದ್ದೆ.

ಅಂಗಿ ಹಾಕಿಕೊಳ್ಳುತ್ತಿದ್ದ ಹುಡುಗ ಬಾಗಿಲಿನ ಕಡೆ ನೋಡಿ, ಸ್ವರ ತಗ್ಗಿಸಿ ಹೇಳಿದ: “ಇಪ್ಪತ್ತೊಂದು ಆಗ್ಲಿಲ್ಲ ಅಂತ ಬರೀರಿ ಡಾಕ್ಟ್ರೆ.”

ಪ್ರಾಯ ಹೆಚ್ಚು ಬರೆಯಿರಿ ಎಂದು ಕಾಲು ಹಿಡಿದವರನ್ನು ನೋಡಿದ್ದೆ. ಕಡಿಮೆ ಬರೆಸಿ ಜೈಲು ತಪ್ಪಿಸಿಕೊಳ್ಳಲು ನೋಡಿದವರೂ ಇದ್ದರು. ಆದರೆ ತನ್ನ ಧಣಿಯನ್ನೂ ತನ್ನ ಅನ್ನವನ್ನೂ ಒಟ್ಟಿಗೆ ಮುಳುಗಿಸಿ ಎಂದು ಕೇಳುವವನನ್ನು ನೋಡಿರಲಿಲ್ಲ. ಯಾಕೆ ಎಂದೆ.

“ಗಡಂಗು ಮುಚ್ಚಿದ್ರೆ ಮರ ಹತ್ಲಿಕ್ಕೆ ಇಲ್ಲಲ್ಲ.”

ಅಂಗಿಯ ಗುಂಡಿ ಹಾಕುತ್ತ ಉಳಿದದ್ದನ್ನೂ ಹೇಳಿದ. ಅವನಿಗೆ ಹೆದರಿಕೆ. ಬೈನೆ ಮರಕ್ಕೆ ಒಂಟಿ ಬಿದಿರನ್ನು ಕಟ್ಟಿ, ಅದರ ಗೆಣ್ಣಿನ ಮೇಲೆ ಹೆಬ್ಬೆರಳು ಊರಿ ಹತ್ತುವುದು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಬೆಳಿಗ್ಗೆ ಹೇಗೋ ಹತ್ತುತ್ತಾನೆ. ಸಂಜೆ ಕಾಲು ನಡುಗುತ್ತದೆ. ಒಂದು ಗೆರಟೆ ಕುಡಿದರೆ ನಡುಕ ನಿಲ್ಲುತ್ತದೆ. ಇನ್ಸ್‌ಪೆಕ್ಟರರು ಕಂಡದ್ದು ಆ ಗೆರಟೆಯನ್ನು. ಅವನಿಗೆ ಕಳ್ಳಿನ ರುಚಿಯೇ ಆಗುವುದಿಲ್ಲವಂತೆ, ಔಷಧದ ಹಾಗೆ ಮೂಗು ಹಿಡಿದು ಕುಡಿಯುತ್ತಾನಂತೆ.

ನಾನು ಪೆನ್ನು ಮುಚ್ಚಿದೆ. ಇಡೀ ತಾಲೂಕು ಇವನು ಕುಡಿಯಬಹುದೇ ಎಂದು ಚರ್ಚೆ ಮಾಡುತ್ತಿತ್ತು. ಯಾಕೆ ಕುಡಿದೆ ಎಂದು ಅವನನ್ನು ಒಂದು ಮಾತು ಕೇಳಿದವರಿರಲಿಲ್ಲ. ಕೇಳದವರ ಪೈಕಿ ನಾನೂ ಒಬ್ಬ, ಇದು ಅವನಾಗಿಯೇ ಹೇಳಿದ್ದು. ಹತ್ತಲು ಸುರುಮಾಡಿದಾಗ ಪ್ರಾಯ ಎಷ್ಟು ಎಂದು ಕೇಳಿದೆ. ನಿಷೇಧದ ಕಾಲದಲ್ಲಿಯೇ ಬೆಲ್ಲ ಮಾಡುವ ನೆವದಲ್ಲಿ, ಧ್ವನಿ ಒಡೆಯುವುದಕ್ಕಿಂತ ಮೊದಲು ಎಂದ. ಅದಕ್ಕೆ ಯಾವ ಬೋರ್ಡೂ ಇರಲಿಲ್ಲ.

ಹಾಗೆಂದು ಸುಳ್ಳು ಬರೆಯಲಾಗುತ್ತದೆಯೇ? ಇಲ್ಲ. ಆದರೆ ಹಲ್ಲಿನ ಮೇಲೆ ಅಂದಾಜು ಬರೆದು ಸಂಶಯದ ಲಾಭವನ್ನು ಧಣಿಗೆ ಕೊಡಲೂ ಈಗ ಕೈ ಬರಲಿಲ್ಲ. ಎಲುಬನ್ನೇ ಕೇಳುವ ಎಂದು ನಿಶ್ಚಯಿಸಿದೆ. ಸೊಂಟದ ಎಲುಬಿನ ಮೇಲಂಚು ಬೆಳೆಯುವ ಕಾಲದಲ್ಲಿ ಬೇರೆಯೇ ಇದ್ದು, ಇಪ್ಪತ್ತೊಂದು ತುಂಬಿದ ಮೇಲೆಯೇ ಮೂಲ ಎಲುಬಿಗೆ ಪೂರ್ತಿ ಕೂಡಿಕೊಳ್ಳುತ್ತದೆ. ನಡುವೆ ಕಪ್ಪು ಗೆರೆ ಇದ್ದರೆ ಕೂಡಿಲ್ಲ, ಗೆರೆ ಇಲ್ಲದಿದ್ದರೆ ಕೂಡಿತು. ಎಕ್ಸ್‌ರೇ ಇದ್ದದ್ದು ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ. ಫಿಲಮಿಗೆ ತತ್ವಾರವಿದ್ದುದರಿಂದ ಬಲಬದಿಯ ಒಂದೇ ಚಿತ್ರ ಸಾಕೆಂದು ಬರೆದು, ಕೋರ್ಟಿನ ಅಪ್ಪಣೆ ತರಿಸಿ, ಒಬ್ಬರು ಪೊಲೀಸರ ಜೊತೆಗೆ ಅವನನ್ನು ಬಸ್ಸು ಹತ್ತಿಸಿದೆ.

ಬಂದ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದವನು ಎರಡನೆಯ ಸಲ ಬೆಚ್ಚಿದೆ. ನಮಗೆ ಬೇಕಾದ ಜಾಗದ ಮೇಲೆ ಸರಿಯಾಗಿ, ಬೀಡಿಯ ಗಾತ್ರದ ಒಂದು ಅಚ್ಚ ಬಿಳಿಯ ವಸ್ತು ಮಲಗಿತ್ತು. ಯಾವ ರೋಗಶಾಸ್ತ್ರದಲ್ಲೂ ಅದರ ವರ್ಣನೆ ಇರಲಿಲ್ಲ. ಪುಸ್ತಕ ತೆಗೆದೆ, ಗೆಡ್ಡೆಯೋ ಗುಂಡೋ ಎಂದು ಬೆವರಿದೆ. ಕೊನೆಗೆ ಅವನನ್ನೇ ಕರೆದು ಮುಂಡು ಸಡಿಲಿಸಿ ನೋಡಿದರೆ ಸೊಂಟದ ನೇವಳದಲ್ಲಿ, ಅಂದರೆ ಉಡಿದಾರದಲ್ಲಿ, ಬೆಳ್ಳಿಯ ತಾಯಿತ. ಗಂಡ ಬಿದ್ದ ಮೇಲೆ, ಮಗ ಮೊದಲ ಸಲ ಮರ ಹತ್ತುವ ದಿನ ತಾಯಿ ಮಂತ್ರಿಸಿ ಕಟ್ಟಿಸಿದ್ದು. ಮಂಗಳೂರಿನಲ್ಲಿ, ಮೈಮೇಲೆ ಲೋಹದ್ದು ಏನಿದ್ದರೂ ತೆಗೆ ಎಂದು ಹೇಳಿದ್ದರಂತೆ. ಅವನು ಕಿಸೆಯ ಬೀಗದ ಕೈ ತೆಗೆದಿಟ್ಟಿದ್ದ. ಪೊಲೀಸರು ತಮ್ಮ ಬಿಲ್ಲೆಯನ್ನೂ ತೆಗೆದಿಟ್ಟಿದ್ದರಂತೆ. ಹುಟ್ಟಿದಂದು ಕಟ್ಟಿ ಚಿತೆಯ ಮೇಲೆ ಮಾತ್ರ ಬಿಚ್ಚುವ ನೇವಳ ತೆಗೆಯುವ ವಸ್ತುಗಳ ಸಾಲಿಗೆ ಸೇರುತ್ತದೆಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಅವನನ್ನು ಗದರಿಸಲು ಬಾಯಿ ತೆರೆದವನು ನನ್ನ ಸೊಂಟದ ನೇವಳ ನೆನಪಾಗಿ ಮುಚ್ಚಿದೆ.

ಪುನಃ ಚಿತ್ರ ಆಗಬೇಕು. ನೇವಳ ತುಂಡು ಮಾಡಲು ತಾಯಿ ಒಪ್ಪಲಿಲ್ಲ. ಅದಿಲ್ಲದೆ ಅವನು ಒಂದು ದಿನವೂ ಮರ ಹತ್ತಕೂಡದು ಎಂದಳು. ಒಂದು ತಾಯಿತದಿಂದಾಗಿ ನ್ಯಾಯದಾನ ತಡೆಯಲ್ಪಟ್ಟಿದೆ ಎಂದು ಕೋರ್ಟಿಗೆ ಬರೆಯುವುದು ಹೇಗೆ? ಎರಡು ಕರಡು ಬರೆದು ಹರಿದೆ. ಮೂರನೆಯದನ್ನು ಬರೆಯುತ್ತ ಸೊಂಟ ತುರಿಸಿಕೊಂಡಾಗ, ನೇವಳ ಎಂಬುದು ಸುತ್ತ ತಿರುಗುತ್ತದೆ ಎಂಬ ವೈಜ್ಞಾನಿಕ ಸತ್ಯ ನನಗೆ ಗೋಚರಿಸಿತು. ತಾಯಿತವನ್ನು ಎಡಬದಿಗೆ ಸರಿಸಿ ಚಿತ್ರ ತೆಗೆಯತಕ್ಕದ್ದು ಎಂದು ಚೀಟಿ ಬರೆದು ಕಳುಹಿಸಿದೆ.

ಎರಡನೆಯ ಪ್ಲೇಟು ಸ್ವಚ್ಛವಾಗಿ ಬಂತು. ಮೇಲಂಚು ಪೂರ್ತಿ ಕೂಡಿತ್ತು. ಹುಡುಗನಿಗೆ ಇಪ್ಪತ್ತೊಂದು ತುಂಬಿರಲೇಬೇಕು. ಅಲ್ಲಿಗೆ ನನ್ನ ಕೆಲಸ ಮುಗಿಯಬೇಕಿತ್ತು. ಆದರೆ ಅಂಚಿನಿಂದ ಸ್ವಲ್ಪ ಕೆಳಗೆ, ಮೊದಲು ತಾಯಿತ ಮುಚ್ಚಿದ್ದ ಜಾಗದಲ್ಲಿ, ಓರೆಯಾಗಿ ಒಂದು ಗೆರೆ ಇತ್ತು. ಬೆಳವಣಿಗೆಯ ಗೆರೆ ಹಾಗೆ ಹೋಗುವುದಿಲ್ಲ. ಅದು ಒಡೆದು ಕೂಡಿಕೊಂಡ ಎಲುಬು.

ಅವನನ್ನು ಕರೆಸಿದೆ. ಪ್ಲೇಟನ್ನು ನೋಡಿದ, ನೆಲ ನೋಡಿದ. ಹಿಂದಿನ ಮಳೆಗಾಲದಲ್ಲಿ ಬಿದಿರು ಜಾರಿತ್ತು. ಕೆಳಗೆ ತರಗೆಲೆ ಇದ್ದುದರಿಂದ ಜೀವ ಉಳಿಯಿತು. ಹೇಗೋ ನಡೆದುಕೊಂಡು ಅಜ್ಜಾವರದ ಕಡೆಯ ಸೋದರಮಾವನ ಮನೆಗೆ ಹೋಗಿ, ಜ್ವರವೆಂದು ಹೇಳಿಕಳುಹಿಸಿ, ಕಾಲು ನೆಟ್ಟಗಾಗುವವರೆಗೆ ಅಲ್ಲಿಯೇ ಇದ್ದ. ಮಾವನಿಗೂ ಜಾರಿ ಬಿದ್ದೆ ಎಂದಷ್ಟೇ ಹೇಳಿದ್ದ.

“ಅಮ್ಮನಿಗೆ ಗೊತ್ತಾಗ್ಬಾರ್ದು ಡಾಕ್ಟ್ರೆ. ಅಪ್ಪನನ್ನು ನೋಡಿ ನೋಡಿ ಅವಳಿಗೆ ಸಾಕಾಗಿದೆ.”

ಯಾರಾದರೂ ಕೇಳಿದರೆ ಸುಳ್ಳು ಹೇಳಲಾರೆ, ಕೇಳದಿದ್ದರೆ ನಾನಾಗಿ ಹೇಳುವುದಿಲ್ಲ ಎಂದೆ. ಅಷ್ಟೇ ಆಗ ನನ್ನಿಂದ ಕೊಡಲಾದದ್ದು. ಅಂದೇ ಸಂಜೆ ಧಣಿಯ ಮನವಿಯನ್ನು ಸೈನು ಹಾಕದೆ ಹಿಂದೆ ಕಳುಹಿಸಿದೆ. ಹದಿನೆಂಟು ತಪ್ಪು, ಇಪ್ಪತ್ತೊಂದು ಸರಿ ಎಂಬ ಜ್ಞಾನೋದಯ ನನಗೆ ಆಗಿರಲಿಲ್ಲ, ಇಂದಿಗೂ ಆಗಿಲ್ಲ. ನಡುಗುವ ಕಾಲಿಗೆ ಕಳ್ಳು ಕುಡಿಸಿ ಮರಕ್ಕೆ ಹತ್ತಿಸುವ ವ್ಯವಸ್ಥೆಗೆ ಮೂರು ವರ್ಷ ಮುಂಚಿತವಾಗಿ ಅನುಮತಿ ಕೊಡಿ ಎಂದು ನನ್ನ ಕೈಯಿಂದ ಬರೆಯಲಾಗಲಿಲ್ಲ, ಅಷ್ಟೆ.

ವಿಚಾರಣೆಯ ದಿನ ಪುತ್ತೂರಿನ ಕೋರ್ಟು ತುಂಬಿತ್ತು. ಶಾಲು ಹೊದ್ದ ಮೂವರು ಹಿರಿಯರು ಮುಂದಿನ ಬೆಂಚಿನಲ್ಲಿದ್ದರು. ಹುಡುಗ ಗೋಡೆಗೆ ತಾಗಿ ನಿಂತಿದ್ದ, ತಾಯಿ ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತಿದ್ದಳು. ನಾನು ಪ್ರಮಾಣ ಮಾಡಿ, ಹಲ್ಲಿನಿಂದ ಸೊಂಟದವರೆಗೆ ಕ್ರಮವಾಗಿ ವಿವರಿಸಿ, ಇಪ್ಪತ್ತೊಂದು ತುಂಬಿದೆ ಎಂದೆ. ಧಣಿಯ ತೆಳು ಸ್ವರದಿಂದ ಒಂದು ನಿಟ್ಟುಸಿರು ಕೇಳಿತು.

ಸರಕಾರಿ ವಕೀಲರು ಹುಷಾರಿನವರು. ಪ್ಲೇಟನ್ನು ಇಸಕೊಂಡು ಕಿಟಕಿಗೆ ಹಿಡಿದು, ತಿರುಗಿಸಿ, ಮಗುಚಿ ನೋಡಿ, ಬೆರಳಿಟ್ಟರು.

“ಗೆರೆ ಇದ್ದರೆ ಎಲುಬು ಕೂಡಿಲ್ಲ ಎಂದು ತಾವೇ ಹೇಳಿದಿರಿ. ಇದು ಗೆರೆಯಲ್ಲವೇ?”

ಗೆರೆಯೇ. ‘ಇರಬಹುದು’ ಎಂಬ ಒಂದು ಶಬ್ದ ಸಾಕಿತ್ತು. ನನಗಿಂತ ಹೆಚ್ಚು ಎಲುಬು ಬಲ್ಲವರು ಆ ಕೋಣೆಯಲ್ಲಿ ಇರಲಿಲ್ಲ. ಗಡಂಗು ಮುಚ್ಚುತ್ತಿತ್ತು, ಹುಡುಗ ಕೆಳಗಿಳಿಯುತ್ತಿದ್ದ, ತಾಯಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಗೋಡೆಯ ಬಳಿಯಿಂದ ಅವನು ನನ್ನನ್ನೇ ನೋಡುತ್ತಿದ್ದ. ಮ್ಯಾಜಿಸ್ಟ್ರೇಟರು ಪೆನ್ನು ಎತ್ತಿ ಹಿಡಿದಿದ್ದರು. ದೇವರ ಮೇಲೆ ಸಲೀಸಾಗಿ ಪ್ರಮಾಣ ಮಾಡಿದ ಮೂವರು ಹಿರಿಯರ ಮೇಲೆ ನನಗೆ ಜೀವನದಲ್ಲಿ ಮೊದಲ ಸಲ ಹೊಟ್ಟೆಕಿಚ್ಚಾಯಿತು.

ಅಲ್ಲ ಎಂದೆ. ಇದು ಬೆಳೆಯುವ ಗೆರೆಯಲ್ಲ, ಮುರಿದ ಗೆರೆ. ಎತ್ತರದಿಂದ ಬಿದ್ದಾಗ ಆದದ್ದು, ಒಂದು ವರ್ಷದೊಳಗಿನದು. ಇದಕ್ಕೂ ಪ್ರಾಯಕ್ಕೂ ಸಂಬಂಧವಿಲ್ಲ. ಈ ಆಸಾಮಿ ಇನ್ನು ಮರ ಹತ್ತಬಾರದು ಎಂದು ಕೇಳದ ಮಾತನ್ನೂ ಸೇರಿಸಿದೆ. ಮ್ಯಾಜಿಸ್ಟ್ರೇಟರು, ಮರ ಹತ್ತುವ ವಿಷಯ ಈ ನ್ಯಾಯಾಲಯದ ಮುಂದಿಲ್ಲ ಎಂದು ಮೃದುವಾಗಿಯೇ ಹೇಳಿ, ಕೊನೆಯ ವಾಕ್ಯವನ್ನು ಬರೆಯದೆ ಬಿಟ್ಟರು.

ಬಾಗಿಲ ಬಳಿ ತಾಯಿ ಎದ್ದು ನಿಂತಿದ್ದಳು.

“ಯಾವಾಗ ಬಿದ್ದದ್ದು ನೀನು?”

ಜವಾನ ಸದ್ದು ಎಂದ. ಅವಳಿಗೆ ಅದು ಕೇಳಿಸಲಿಲ್ಲ. ಮಗ ಹೆಬ್ಬೆರಳಿನಿಂದ ನೆಲ ಒತ್ತುತ್ತ ನಿಂತ. ಅವಳು ಅವನ ಕಾಲನ್ನೇ ನೋಡುತ್ತಿದ್ದಳು. ಅಷ್ಟು ದಿನ ಅಂಗಳದಲ್ಲಿ ಓಡಾಡಿದ ಕಾಲನ್ನು ಈಗ ಮೊದಲ ಸಲ ಕಂಡವಳ ಹಾಗೆ.

ಧಣಿ ಖುಲಾಸೆಯಾದರು. ಹೊರಗೆ ಮರದ ನೆರಳಿನಲ್ಲಿ ಜನ ಅವರ ಕೈಹಿಡಿದು ಅಭಿನಂದಿಸುತ್ತಿದ್ದರು. ಅವರು ನನಗೂ ಕೈಮುಗಿದರು. ನಾನು ಪ್ಲೇಟಿನ ಲಕೋಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹುಡುಗನ ಹತ್ತಿರ ಹೋದೆ. ಅವನೇ, ಇರಲಿ ಡಾಕ್ಟ್ರೆ ಎಂದ. ಅದು ಕ್ಷಮೆಯೋ ಅಲ್ಲವೋ ನನಗೆ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಧಣಿ ಬಂದರು. ಕೆಟ್ಟ ಮನುಷ್ಯರಲ್ಲ. ಬಿದ್ದ ವಿಷಯ ಹೇಳಬಾರದಿತ್ತೇ ಎಂದು ಹುಡುಗನ ಬೆನ್ನು ತಟ್ಟಿದರು, ಬೇಕಾದರೆ ಸ್ವಲ್ಪ ದಿನ ಸುಧಾರಿಸಿಕೋ ಎಂದರು. ಮರಗಳನ್ನು ಮಾತ್ರ ಖಾಲಿ ಬಿಡಲು ಬರುವುದಿಲ್ಲ, ಹೊಂಬಾಳೆ ಕೊಯ್ಯುವುದನ್ನು ಒಮ್ಮೆ ನಿಲ್ಲಿಸಿದರೆ ಅದು ಬತ್ತುತ್ತದೆ ಎಂದರು. ಆಮೇಲೆ ತಾಯಿಯ ಕಡೆ ತಿರುಗಿ, ಲೋಕಾಭಿರಾಮವಾಗಿ ಕೇಳಿದರು:

“ನಿನ್ನ ಸಣ್ಣವನಿಗೆ ಪ್ರಾಯ ಎಷ್ಟಾಯ್ತು?”

ನಾನು ಮೂರನೆಯ ಸಲ ಬೆಚ್ಚಿದ್ದು ಆಗ. ಇಷ್ಟೆಲ್ಲ ಹಲ್ಲು, ಎಲುಬು, ಪ್ರಮಾಣ, ಪ್ಲೇಟುಗಳ ಕೊನೆಗೆ ಪ್ರಶ್ನೆ ಬಂದು ನಿಂತದ್ದು ಇಲ್ಲಿಗೆ.

ತಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಬೆರಳುಗಳು ಆ ಹೊತ್ತಿಗೆ ಏನನ್ನೂ ಸುತ್ತುತ್ತಿರಲಿಲ್ಲ.

“ಸಣ್ಣವನಿಗೆ ಪ್ರಾಯ ಆಗುದೇ ಇಲ್ಲ ಧಣಿಗಳೆ” ಎಂದಳು.

ದೊಡ್ಡ ಮಗನ ಮೊಣಕೈ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಅವನು ಸ್ವಲ್ಪ ಕುಂಟುತ್ತಿದ್ದ. ಅಷ್ಟು ದಿನ ಅದನ್ನು ಹೇಗೆ ಅಡಗಿಸಿಟ್ಟಿದ್ದನೋ, ಅಂದು ಅಡಗಿಸುವ ಗೋಜಿಗೆ ಹೋಗಲಿಲ್ಲ.